ಒರತೆಗೆ ಕಟ್ಟಿದ ಮನೆ

ಮೆಂತ್ಯದ ಸೊಪ್ಪು ಸೋಸುವುದು ನನಗೆ ಬೇಸರದ ಕೆಲಸವಲ್ಲ. ಎಲೆ ಬೇರೆ, ದಂಟು ಬೇರೆ ಮಾಡುತ್ತ ಕೂತರೆ ಕೈ ತನ್ನ ಪಾಡಿಗೆ ತಾನು ನಡೆಯುತ್ತದೆ, ಬಾಯಿ ಶಿವನಾಮ ಹೇಳುತ್ತಿರುತ್ತದೆ, ಮನಸ್ಸು ಎಲ್ಲಿ ಬೇಕೋ ಅಲ್ಲಿಗೆ ಹೋಗಿ ಬರುತ್ತದೆ. ಆ ದಿನ ಬೆಳಿಗ್ಗೆ ಹಿತ್ತಿಲ ಬಾಗಿಲಲ್ಲಿ ಅದೇ ಕೆಲಸ ಹಿಡಿದು ಕೂತಿದ್ದೆ. ಸೊಪ್ಪಿನ ಬೇರಿಗೆ ಹಸಿ ಉಸುಕು ಅಂಟಿತ್ತು. ಕೊಡವಿದಾಗ ಅದರ ವಾಸನೆ ಮೂಗಿಗೆ ಬಂತು. ಹಸಿ ಉಸುಕಿನ ವಾಸನೆ ಬಂದರೆ ನನಗೆ ಹಳ್ಳವೇ ನೆನಪಾಗುವುದು. ಅಷ್ಟರಲ್ಲಿ ಸುಜಾತಾ ಬಂದಳು.

ಸುಜಾತಾ ನಮ್ಮ ವಸ್ತಿಯ ಕೆಳಗಿನ ಓಣಿಯವಳು. ದಿನಾ ಆಡು ಹೊಡೆದುಕೊಂಡು ಹಳ್ಳದ ಕಡೆ ಹೋಗುವವಳು, ಆಡು ಬಿಡುವ ಮೊದಲು ಒಮ್ಮೆ ಹಳ್ಳಕ್ಕಿಳಿದು ಒರತೆಯಿಂದ ಒಂದು ತಂಬಿಗೆ ನೀರು ತಂದು ನಮ್ಮ ಹಿತ್ತಿಲ ಕಟ್ಟೆಯ ಮೇಲಿಡುತ್ತಾಳೆ. ನಾನು ಅದನ್ನು ಒಳಗೆ ಒಯ್ದು ಕಾಶವ್ವ ಅತ್ತೆಯ ಮುಂದೆ ಇಡುತ್ತೇನೆ. ಕಾಶವ್ವ ನನ್ನ ಮಾವನವರ ಅಕ್ಕ. ಈಗ ಹಾಸಿಗೆ ಹಿಡಿದು ಪಡಸಾಲೆಯ ಮಂಚದ ಮೇಲಿದ್ದಾಳೆ. ಆ ನೀರಿನಿಂದ ಅವಳ ಲಿಂಗಪೂಜೆ, ಪೂಜೆ ಆದ ಮೇಲೆ ತುತ್ತು ಅನ್ನ, ಅನ್ನದ ಮೇಲೆ ಡಾಕ್ಟರು ಕೊಟ್ಟ ಗುಳಿಗೆ. ಹೀಗೆ ಒಂದರ ಬಾಲಕ್ಕೆ ಒಂದು ಕಟ್ಟಿದ ಸಾಲು ಅದು.

ಆ ದಿನ ಸುಜಾತಾ ಕಟ್ಟೆಯ ಹತ್ತಿರ ಬರಲಿಲ್ಲ. ಬೇಲಿಯ ಹತ್ತಿರವೇ ನಿಂತಳು. ತಂಬಿಗೆ ಕೈಯಲ್ಲಿ ಜೋತು ಬಿದ್ದಿತ್ತು.

"ವೈನಿ, ಇವತ್ತ ನೀರ ಇಲ್ಲರಿ."

"ಯಾಕ, ನಾಯಿ ಏನರ ಬಾಯಿ ಹಾಕೇತೇನು?"

"ನಾಯಿ ಅಲ್ಲರಿ. ಟ್ರ್ಯಾಕ್ಟರ್." ಅವಳು ಧ್ವನಿ ಇಳಿಸಿದಳು. "ಉಸುಕ ಎಲ್ಲಾ ಬಳಕೊಂಡ ಒಯ್ದಾರ. ವರ್ತಿ ಎಲ್ಲಿತ್ತು ಅಂತ ಗುರತ ಸೈತ ಇಲ್ಲ. ಬರೇ ಕಲ್ಲು ಗರಸು ಕಾಣಸ್ತೈತಿ."

"ನಿನ್ನಿ ಇತ್ತಲ್ಲವ್ವಾ."

"ನಿನ್ನಿ ಸಂಜೀಕ ಆಡ ಹೊಡಕೊಂಡ ಬರೂ ಮುಂದ ಇತ್ತರಿ. ನಸಿಕಿನ್ಯಾಗ ಬಂದಿರಬೇಕು. ಗಾಲಿ ಗುರತ ಇನ್ನಾ ಹಸೀನ ಅದಾವ."

ನನ್ನ ಕೈ ನಿಂತಿತು. ಒಳಗಿನಿಂದ ಕಾಶವ್ವ ಅತ್ತೆಯ ಧ್ವನಿ ಬಂತು: "ಸುಜಾತಾ ಬಂದ್ಲೇನ ಹುಡುಗಿ?"

ನನಗೆ ಮೊಮ್ಮಕ್ಕಳಾಗಿವೆ. ಆದರೂ ಅವಳಿಗೆ ನಾನು ಹುಡುಗಿಯೇ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. "ನಾ ಹೇಳೂದಿಲ್ರಿ," ಎಂದಳು ಸುಜಾತಾ. "ನೀವ ಹೇಳ್ರಿ."

ಒಂದು ತಂಬಿಗೆ ನೀರಿಗೆ ಇಷ್ಟು ರಂಪವೇ ಎಂದು ನಿಮಗೆ ಅನಿಸಬಹುದು. ಮನೆಯಲ್ಲಿ ನಳವಿದೆ, ಅಂಗಳದಲ್ಲಿ ನೀರಿನ ಟಾಕಿಯಿದೆ. ಅದಕ್ಕೇ ಸ್ವಲ್ಪ ಹಿಂದಿನದನ್ನು ಹೇಳಬೇಕು.

ನಮ್ಮ ವಸ್ತಿ ಇರುವುದು ಸೊರಡಿ ಊರಿನಿಂದ ಆಚೆ, ಮಡ್ಡಿಯ, ಅಂದರೆ ಕಲ್ಲುಗುಡ್ಡದ, ಇಳಿಜಾರಿಗೆ. ಕೆಳಗೆ ಹಳ್ಳ. ಹಳ್ಳವೆಂದರೆ ದಂಡೆ ತುಂಬ ಹರಿಯುವಂಥದ್ದು ಎಂದುಕೊಳ್ಳಬೇಡಿ. ಮಳೆ ಬಂದ ದಿನ ಕೆಂಪಗೆ ಹರಿದು, ಮರುದಿನ ಏನೂ ಆಗಿಲ್ಲವೆಂಬಂತೆ ಒಣಗಿ ಮಲಗುವ ಹಳ್ಳ. ಆದರೆ ಅದರ ಹೊಟ್ಟೆಯಲ್ಲಿ ಉಸುಕಿತ್ತು, ಉಸುಕಿನೊಳಗೆ ನೀರಿತ್ತು. ಕೈಯಿಂದ ಉಸುಕು ಬಗೆದು ಒಂದು ಗುಣಿ ಮಾಡಿದರೆ ಸಾಕು, ಸುತ್ತಲಿನಿಂದ ಸಣ್ಣಗೆ ನೀರು ಜಿನುಗಿ ಬಂದು ನಿಲ್ಲುತ್ತಿತ್ತು. ಅದೇ ಒರತೆ, ನಮ್ಮ ಬಾಯಲ್ಲಿ ವರ್ತಿ. ಬೇಸಿಗೆಯಲ್ಲಿ ಗುಣಿ ಆಳವಾಗುತ್ತಿತ್ತು, ನೀರು ಸಾವಕಾಶವಾಗಿ ಬರುತ್ತಿತ್ತು, ಆದರೆ ಬರುತ್ತಿತ್ತು.

ನಾನು ಕರಜಗಿ ಕಡೆಯಿಂದ ಮದುವೆಯಾಗಿ ಬಂದವಳು. ತವರಿನಲ್ಲಿ ಬಾವಿಯಿತ್ತು, ಹಗ್ಗ ಬಿಟ್ಟು ಕೊಡ ಮುಳುಗಿಸಿ ಎಳೆದು ರೂಢಿ. ಇಲ್ಲಿಗೆ ಬಂದ ಹೊಸತರಲ್ಲಿ ಒರತೆಗೂ ಕೊಡವನ್ನೇ ಮುಳುಗಿಸಲು ಹೋದೆ. ನೀರೆಲ್ಲ ರಾಡಿಯಾಯಿತು. ಸುತ್ತ ಕೂತ ಹೆಂಗಸರು ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕರು. ಕಾಶವ್ವ ಅತ್ತೆ ನಗಲಿಲ್ಲ.

"ಕರಜಗಿ ಮಂದಿ ನೀರ ಹಿಂಗ ಗುದ್ದಿ ತುಂಬ್ತಾರೇನು?" ಎಂದಳು. "ಕುಂದ್ರು ಇಲ್ಲಿ. ಮೊದಲ ಹಳೇ ನೀರ ತಗದ ಚೆಲ್ಲು. ಚೆಲ್ಲೂದು ಅಂದ್ರ ಎಲ್ಲಿ ಬೇಕಲ್ಲಿ ಅಲ್ಲ, ಆ ಲಕ್ಕಿ ಗಿಡದ ಬುಡಕ. ಈಗ ಕಾಯಿ. ಹೊಸಾ ನೀರ ಬರತೈತಿ. ಅದನ್ನ ಚರಗೀಲೆ ತೋಡಿಕ್ಯಾ."

ಕಾಯುವುದೇ ಅಲ್ಲಿಯ ರೀತಿ. ಒಬ್ಬಳ ಕೊಡ ತುಂಬಿದ ಮೇಲೆ ಮತ್ತೊಬ್ಬಳ ಸರದಿಗೆ ನೀರು ಕೂಡುವವರೆಗೆ ಮಾತು, ಹಾಡು, ಯಾರ ಮನೆಯಲ್ಲಿ ಯಾರಿಗೆ ಎಷ್ಟನೇ ತಿಂಗಳು ಎಂಬ ಲೆಕ್ಕ. ನಾನು ಈ ವಸ್ತಿಯ ಸೊಸೆಯಾದದ್ದು ಅಕ್ಷತೆ ಬಿದ್ದ ದಿನವಲ್ಲ, ಆ ಗುಣಿಯ ಸುತ್ತ ಕಾಯುತ್ತ ಕೂತ ದಿನಗಳಲ್ಲಿ.

ಕಾಶವ್ವ ಅತ್ತೆ ಎಲ್ಲರಿಗಿಂತ ಮೊದಲು ಹಳ್ಳಕ್ಕೆ ಹೋಗುವಳು. ಎದ್ದು, ಮಿಂದು, ಯಾರ ಸಂಗಡವೂ ಮಾತಾಡದೆ ಹೋಗಿ ಒರತೆಯ ಮೊದಲ ಹೊಸ ನೀರು ತರುವಳು. ಅದು ಪೂಜೆಯ ಅಗ್ಗಣಿ. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳಕೊಂಡು ತವರಿಗೆ ಬಂದವಳು, ಮಕ್ಕಳಿಲ್ಲ. ಅಂಗೈಯಲ್ಲಿ ಲಿಂಗ ಹಿಡಿದು, ಆ ನೀರೆರೆದು, ವಿಭೂತಿ ಹಚ್ಚಿ, ಒಂದು ಪತ್ರಿ ಏರಿಸಿ ಕೂತಾಗ ಅವಳ ಮುಖ ನೋಡಬೇಕು. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಪಾತ್ರೆ ಸಪ್ಪಳ ಮಾಡುತ್ತಿರಲಿಲ್ಲ. ನನ್ನ ಅತ್ತೆಯವರು, ಅಂದರೆ ನನ್ನ ಗಂಡನ ತಾಯಿ, ಬಹಳ ಬಾಯಿ ಮಾಡುವವರು. ಅವರೂ ಆಗ ಒಲೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಶಿವನ ದೊಡ್ಡ ಉಪಕಾರ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಕಾಶವ್ವಳಿಗೆ ಮಡಿ ಬಹಳ, ಸ್ವಚ್ಛತೆ ಅದಕ್ಕಿಂತ ಬಹಳ. ಅಂಗಳ ಗುಡಿಸಿದ ಮೇಲೆ ಕಸಬರಿಗೆಯನ್ನೂ ತೊಳೆಯುವವಳು. ಈ ಸ್ವಭಾವವೇ ಮುಂದಿನದಕ್ಕೆಲ್ಲ ಕಾರಣವಾಯಿತು.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆ ಊರೂರಲ್ಲಿ ಶ್ರಮದಾನದ ಗಾಳಿ ಬೀಸಿತು. ಮಡ್ಡಿಯ ಮೇಲೆ ಮಳೆನೀರು ಇಂಗಲು ಚರಿ ತೋಡುವುದು, ಹಳ್ಳಕ್ಕೆ ಕಲ್ಲಿನ ಒಡ್ಡು ಹಾಕುವುದು. ಬೆಳಿಗ್ಗೆ ಬೆಳಿಗ್ಗೆ ಬುಟ್ಟಿ, ಸಲಿಕೆ ಹಿಡಿದು ಎಲ್ಲರೂ ಹೊರಡುವುದು. ಮೇಲಿನ ಓಣಿ, ಕೆಳಗಿನ ಓಣಿ ಎಂದು ಬೇರೆ ಬೇರೆ ನೀರು ತುಂಬಿದ ಹೆಂಗಸರು ಮೊದಲ ಸಲ ಒಂದೇ ಸಾಲಿನಲ್ಲಿ ನಿಂತು ಕಲ್ಲಿನ ಬುಟ್ಟಿ ಕೈಯಿಂದ ಕೈಗೆ ದಾಟಿಸಿದೆವು. ನನ್ನ ಎಡಕ್ಕೆ ಸುಜಾತಾ ಇರುತ್ತಿದ್ದಳು. ಆಗಷ್ಟೇ ಬಾಣಂತನ ಮುಗಿಸಿ ಬಂದವಳು, ಆದರೂ ನನಗಿಂತ ಚುರುಕು. ನಾನು ಸೊಂಟ ಹಿಡಿದು ನಿಂತರೆ, "ವೈನಿ, ಬುಟ್ಟಿ ಕೊಡ್ರಿ, ಸೊಂಟ ಅಲ್ಲ," ಎನ್ನುವಳು. ಕೆಳಗಿನ ಓಣಿಯವರಿಗೆ ಬುದ್ಧನ ಪೂಜೆ, ನಮಗೆ ಲಿಂಗದ ಪೂಜೆ. ಆ ಬೆಳಗುಗಳಲ್ಲಿ ಅದರ ಮಾತೇ ಬರಲಿಲ್ಲ. ಎಲ್ಲರೂ ಒಂದೇ ಒರತೆಯಿಂದ ಕುಡಿದೆವು.

ಕೆಲಸದ ಕೊನೆಗೆ ಕಾಶವ್ವಳ ತಲೆಯಲ್ಲಿ ಒಂದು ವಿಚಾರ ಹೊಕ್ಕಿತು. "ಊರಿಗೆಲ್ಲಾ ನೀರ ಕೊಡಾಕಿಗೆ ಒಂದು ಮನಿ ಇಲ್ಲಲ್ಲ," ಎಂದಳು. "ಎಮ್ಮಿ ಬಂದ ತುಳಿತಾವ, ನಾಯಿ ಮೂತಿ ಹಾಕ್ತಾವ. ಗಂಗವ್ವಗ ಒಂದು ಮನಿ ಕಟ್ಟೂಣು."

ಯಾರು ಬೇಡವೆನ್ನುತ್ತಾರೆ? ನಮ್ಮ ಮನೆ ಕಟ್ಟಿ ಉಳಿದ ಸಿಮೆಂಟಿನ ಚೀಲಗಳಿದ್ದವು. ಯಾರೋ ಇಟ್ಟಿಗೆ ಕೊಟ್ಟರು, ಯಾರೋ ಫರಸಿ ಕೊಟ್ಟರು. ಗೋಡೆ ಕಟ್ಟುವ ಗೌಂಡಿ ದೇವರ ಕೆಲಸವೆಂದು ಕೂಲಿ ಬೇಡವೆಂದ. ಒರತೆಯ ಸುತ್ತ ದುಂಡಗೆ ಗೋಡೆ ಎದ್ದಿತು, ಒಳಗಿನಿಂದ ನುಣ್ಣಗೆ ಸಿಮೆಂಟಿನ ಗಿಲಾಯಿ ಆಯಿತು, ತಳಕ್ಕೆ ಫರಸಿ ಬಿತ್ತು, ಇಳಿಯಲು ಪಾವಟಿಗೆಗಳಾದವು, ಒಂದು ಮಗ್ಗುಲಿಗೆ ಗಂಗವ್ವನನ್ನು ಕೂಡಿಸಲು ಚಿಕ್ಕ ಗೂಡು. ಸುತ್ತಲಿನ ಲಕ್ಕಿ ಗಿಡ, ಆಪು, ಕರಿಕೆ ಹುಲ್ಲು ಎಲ್ಲವನ್ನೂ ನಾವು ಹೆಂಗಸರೇ ಕಿತ್ತು ಹಸನು ಮಾಡಿದೆವು. ಹಬ್ಬಕ್ಕೆ ಮನೆ ಸಾರಿಸಿದ ಹಾಗೆ ಹಳ್ಳದ ಆ ಮಗ್ಗುಲು ಥಳಥಳ ಹೊಳೆಯಿತು. ಹಸಿರು ಸೀರೆ, ಬಳೆ, ಅರಿಷಿಣ ಕುಂಕುಮ ಇಟ್ಟು ಗಂಗವ್ವನ ಉಡಿ ತುಂಬಿದೆವು. ಕಾಶವ್ವ ತಾನು ವಿಧವೆಯೆಂದು ದೂರ ನಿಂತು ನನ್ನ ಕೈಯಿಂದ ತುಂಬಿಸಿದಳು. "ಬಳಿ ಎಡಕ್ಕ ಇಡು ಹುಡುಗಿ, ಸೆರಗ ಸರಿ ಮಾಡು," ಎಂದು ಅಲ್ಲಿಂದಲೇ ಹೇಳುತ್ತಿದ್ದಳು. ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿಯ ಹಾಗೆ ಕಾಣುತ್ತಿದ್ದಳು.

ಆ ಮನೆಯೊಳಗೆ ಗಂಗವ್ವ ನಿಲ್ಲಲಿಲ್ಲ. ಮೊದಲು ಇದ್ದ ನೀರು ಇಳಿಯಿತು, ಹೊಸದು ಬರಲಿಲ್ಲ. ಚಳಿಗಾಲ ಮುಗಿಯುವುದರೊಳಗೆ ಫರಸಿಯ ಮೇಲೆ ಒಣ ಎಲೆಗಳಷ್ಟೇ ಉಳಿದವು. ಟ್ಯಾಂಕರ್ ಬರತೊಡಗಿತು. ಅದರ ಹಿಂದೆ ಕೊಡ ಹಿಡಿದು ಓಡಿದೆವು, ಒಬ್ಬರ ಕೊಡ ಒಬ್ಬರು ಸರಿಸಿದೆವು, ಬೈದಾಡಿದೆವು. ಅದು ಬೇರೆಯೇ ರೀತಿಯ ಕಾಯುವುದು. ಅಲ್ಲಿ ಹಾಡು ಹುಟ್ಟಲಿಲ್ಲ.

ಕಾಶವ್ವ ಟ್ಯಾಂಕರ್ ನೀರನ್ನು ಪೂಜೆಗೆ ಮುಟ್ಟಲಿಲ್ಲ. "ಎಲ್ಲಿ ನೀರೋ, ಯಾರ ಹೊಲಾ ಒಣಗಿಸಿ ತಂದದ್ದೋ," ಎಂದಳು. ಬರೀ ವಿಭೂತಿ ಹಚ್ಚಿ ಒಣಪೂಜೆ ಮಾಡುವಳು. ತೀರ್ಥವಿಲ್ಲದೆ ಅನ್ನ ಹೇಗೆ ಉಣ್ಣಲಿ ಎಂದು ಹಾಲು ಹಣ್ಣಿನ ಮೇಲೆಯೇ ಇದ್ದಳು. ನಾನು ಅತ್ತು ಕರೆದು ಕೇಳಿಕೊಂಡೆ. ಆಗ ಅವಳ ಮೈಯಲ್ಲಿ ಕಸುವಿತ್ತು, ನಡೆಯಿತು.

ಅದರ ನಡುವೆ ವಸ್ತಿಯಲ್ಲಿ ಒಂದು ಗುಸುಗುಸು ಎದ್ದಿತು. ಯಾರು ಮೊದಲು ಅಂದರೋ ಗೊತ್ತಿಲ್ಲ. ಕೆಳಗಿನ ಓಣಿಯವರು ಬಂದು ಕೈ ಹಾಕಿದ ಮೇಲೆಯೇ ಗಂಗವ್ವ ಎದ್ದು ಹೋದಳಂತೆ. ಅದರಲ್ಲೂ ಸುಜಾತಾ ಹಸಿ ಬಾಣಂತಿ, ಹೊಲಸಿನಲ್ಲಿ ಬಂದಿದ್ದಳಂತೆ. ಟ್ಯಾಂಕರಿನ ಮುಂದೆ ಒಬ್ಬಾಕೆ ಅವಳಿಗೆ ಕೇಳುವ ಹಾಗೆಯೇ ಅಂದಳು. ಸುಜಾತಾ ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೋದಳು. ಆಮೇಲೆ ನಾವು ಇರುವ ಹೊತ್ತಿಗೆ ಅವಳು ನೀರಿಗೆ ಬರುವುದೇ ನಿಂತಿತು.

"ಸುಜಾತಾ ಯಾಕ ಕಾಣವಲ್ಲಳು?" ಎಂದು ಕಾಶವ್ವ ಕೇಳಿದಳು. ನಾನು ಹೇಳಿದೆ. ಅವಳು ಹೆರೆಯುತ್ತಿದ್ದ ಕೊಬ್ಬರಿಯನ್ನು ಕೆಳಗಿಟ್ಟು ಬಹಳ ಹೊತ್ತು ಗೋಡೆ ನೋಡುತ್ತ ಕೂತಳು.

ಮರುದಿನ ಪೂಜೆ ಮುಗಿಸಿ, ಮೂಲೆಯಲ್ಲಿದ್ದ ಕಬ್ಬಿಣದ ಹಾರಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟಳು. ನಾನು ಹಿಂದೆಯೇ ಓಡಿದೆ. ಹಳ್ಳಕ್ಕೆ ಇಳಿದವಳೇ ಸೆರಗು ಸಿಕ್ಕಿಸಿಕೊಂಡು, ಗೂಡಿನಲ್ಲಿದ್ದ ಗಂಗವ್ವನನ್ನು ನನ್ನ ಉಡಿಯಲ್ಲಿ ಇಟ್ಟು, ತಾನು ಕಟ್ಟಿಸಿದ ಗೋಡೆಗೆ ಹಾರಿ ಹಾಕಿದಳು. ಸಪ್ಪಳಕ್ಕೆ ಹೆಂಗಸರು ನೆರೆದರು. ಟ್ಯಾಂಕರಿನ ಮುಂದೆ ಮಾತಾಡಿದಾಕೆಯೂ ಬಂದಳು.

"ಆಯಿ, ದೇವರ ಮನಿ ಒಡೀಬಾರದ್ರಿ. ಪಾಪ ಬರತೈತಿ."

"ದೇವರ ಮನಿ ಅಲ್ಲವ್ವಾ. ನಾ ಕಟ್ಟಿದ ಮನಿ. ಆಕೀ ಸೆರಗ ಬಾಗಲದಾಗ ಸಿಕ್ಕೊಂಡೈತಿ, ಬಿಡಸ್ಲಾಕ ಬಂದೀನಿ."

"ಹಂಗಂತ ಯಾರ ಹೇಳಿದ್ರು ನಿಮಗ?"

"ಯಾರ ಹೇಳಬೇಕು? ಸಿಮಿಟ್ ಹಾಕೂಕಿಂತ ಮೊದಲ ಸುಜಾತಾ ಇದ್ಲು, ನೀರೂ ಇತ್ತು. ಸಿಮಿಟ್ ಹಾಕಿದೆ, ನೀರ ಹೋತು. ಮಗ್ಗಲದಿಂದ ಬರೂ ನೀರಿಗೆ ನಾನ ಗ್ವಾಡಿ ಕಟ್ಟಿ ಬಾಗಲಾ ಹಾಕೀನಿ. ಇದರಾಗ ಆ ಹುಡುಗೀದು ಏನ ಬಂತು?"

ಅವಳು ಒಡೆಯುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಇಬ್ಬರು ಮೂವರು ಇಳಿದು ಒಡೆದ ಇಟ್ಟಿಗೆ ಆಯತೊಡಗಿದರು.

ಅಲ್ಲಿಂದ ಕಾಶವ್ವ ಮನೆಗೆ ಬರಲಿಲ್ಲ. ಸಿಮೆಂಟಿನ ಧೂಳು ಮೆತ್ತಿದ ಸೀರೆಯಲ್ಲೇ ಕೆಳಗಿನ ಓಣಿಗೆ ಹೋದಳು, ಹಿಂದೆ ನಾನೂ. ಸುಜಾತಾ ಬಾಗಿಲಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. "ಹಳ್ಳಕ್ಕ ಬಾರವ್ವಾ, ಉಸುಕ ತುಂಬೂದೈತಿ," ಎಂದಳು ಕಾಶವ್ವ.

ಸುಜಾತಾ ತಲೆ ಎತ್ತಲಿಲ್ಲ. "ನಾ ಮುಟ್ಟಿದ್ರ ನೀರ ಇಂಗತೈತಂತಲ್ರಿ ಆಯಿ. ಮಳಿಗಾಲದಾಗ ನಿಮ್ಮ ಮಾಳಗಿ ಸೋರತೈತಿ. ಅದನ್ನ ಮುಟ್ಟಿ ಹೋಗಲೇನು?"

"ಮುಟ್ಟಿ ಹೋಗು," ಎಂದು ಕಾಶವ್ವ ಅಲ್ಲೇ ಅವಳ ಹೊಸ್ತಿಲ ಮೇಲೆ ಕೂತಳು. "ಮೊದಲ ಕುಡ್ಯಾಕ ಒಂದು ಚರಗಿ ನೀರ ಕೊಡು. ಬಾಯಿ ಒಣಗೈತಿ."

ಕಾಶವ್ವ ಮಡಿಯವಳು ಎಂದು ಹೇಳಿದೆನಲ್ಲ. ಆ ಓಣಿಯಲ್ಲಿ ಅವಳು ನೀರು ಕುಡಿದದ್ದು ಅದೇ ಮೊದಲು. ಸುಜಾತಾ ನಕ್ಕಳು, ಆದರೆ ಬಾಯಿಯಷ್ಟೇ ನಕ್ಕಿತು. ಅಂಥ ಮಾತು ಒಮ್ಮೆ ಮೈಗೆ ಹತ್ತಿದರೆ ಒಂದು ಚರಗಿ ನೀರಿಗೆ ತೊಳೆದು ಹೋಗುವುದಿಲ್ಲ ಎಂಬುದು ನನಗೂ ಕಾಶವ್ವಳಿಗೂ ಗೊತ್ತಿತ್ತು.

ಒಡೆದದ್ದೇನೋ ಆಯಿತು, ನೀರು ಕೂಡಲೇ ಬರಲಿಲ್ಲ. ಗಿಡಗಳನ್ನು ಕಿತ್ತದ್ದರಿಂದ ಮುಂದಿನ ಮಳೆಗೆ ದಂಡೆ ಕುಸಿಯಿತು. ಶ್ರಮದಾನದ ದಿನಗಳ ಗದ್ದಲ, ಫೋಟೋ, ಚಹಾ ಎಲ್ಲ ಮುಗಿದಿತ್ತು. ಬರುವವರು ನಾಲ್ಕಾರು ಹೆಂಗಸರು. ಕಾಶವ್ವ ಒಂದು ರೂಢಿ ಹಾಕಿಸಿದಳು: ಮಡ್ಡಿಯ ಮೇಲೆ ಯಾರೇ ಹೋಗಲಿ, ಸೆಗಣಿಗೆ ಹೋಗಲಿ, ಕಟ್ಟಿಗೆಗೆ ಹೋಗಲಿ, ದಾರಿಯಲ್ಲಿ ಕಂಡ ಒಂದು ಕಲ್ಲು ಎತ್ತಿಕೊಂಡು ಹೋಗಿ ನೀರು ಕೊರೆದ ಕೊರಕಲಿಗೆ ಅಡ್ಡ ಇಟ್ಟು ಬರಬೇಕು. ಅಷ್ಟೇ. ಒಬ್ಬಳ ಕಲ್ಲಿನ ಮಗ್ಗುಲಿಗೆ ಇನ್ನೊಬ್ಬಳ ಕಲ್ಲು. ನಾನು ಸಣ್ಣ ಕಲ್ಲನ್ನೇ ಆರಿಸುತ್ತಿದ್ದೆ, ಸುಜಾತಾ ಅದಕ್ಕೆ, "ವೈನಿ ಗಣಪ್ಪಗ ಮೋದಕ ಒಯ್ದಂಗ ಒಯ್ತಾರ ನೋಡ್ರಿ," ಎಂದು ಹಂಗಿಸುವಳು. ದಂಡೆಗೆ ಲಕ್ಕಿಯ ಕಡ್ಡಿ ಊರಿದೆವು. ಅದು ಆಡು ತಿನ್ನದ ಗಿಡ, ಬದುಕಿತು. ಕೊರಕಲುಗಳಲ್ಲಿ ಮಣ್ಣು ನಿಂತಿತು, ಮಣ್ಣಿನಲ್ಲಿ ಹುಲ್ಲು ನಿಂತಿತು, ಹಳ್ಳಕ್ಕೆ ಬರುವ ನೀರು ಓಡುವುದು ಬಿಟ್ಟು ನಡೆದು ಬರತೊಡಗಿತು. ಅದರ ಸಂಗಡ ಉಸುಕು ಬಂದು ಕೂತಿತು.

ಒಂದು ಚಳಿಗಾಲದ ಬೆಳಿಗ್ಗೆ ಕಾಶವ್ವ ಉಸುಕು ಬಗೆದಳು. ಮೊಣಕೈಯವರೆಗೆ ಬಗೆದ ಮೇಲೆ ಬೆರಳ ತುದಿ ಒದ್ದೆಯಾಯಿತು. ನಾವು ಸುಮ್ಮನೆ ಕೂತು ಕಾದೆವು. ಚೂರು ಚೂರಾಗಿ ನೀರು ಬಂದು ಗುಣಿಯ ತಳದಲ್ಲಿ ಒಂದು ರೂಪಾಯಿ ಬಿಲ್ಲೆಯಷ್ಟು ನಿಂತಿತು, ಆಮೇಲೆ ಅಂಗೈಯಷ್ಟು. ಕಾಶವ್ವ ಅದನ್ನು ಮುಟ್ಟಲಿಲ್ಲ. "ಮೊದಲ ನೀರ ಲಕ್ಕಿಗೆ," ಎಂದು ಸುಜಾತಾಳ ಕೈಯಲ್ಲಿ ಚರಗಿ ಕೊಟ್ಟಳು.

ಆಮೇಲೆ ಪ್ರತಿ ವರ್ಷವೂ ನೀರಿತ್ತು. ಕಾಶವ್ವಳ ಮೊಣಕಾಲು ಹೋದಾಗ ಅಗ್ಗಣಿ ತರುವ ಕೆಲಸ ನನಗೆ ಬಂತು. ನನ್ನ ಸೊಂಟ ಹೋದಾಗ ಸುಜಾತಾ, "ನಾ ಹೆಂಗೂ ಆ ಕಡಿನ ಹೋಗ್ತೀನ್ರಿ, ನಾನ ತರ್ತೀನಿ. ಆದ್ರ ಮಾತಾಡದ ಬರೂದು ನನ್ನ ಕೈಲೆ ಆಗೂದಿಲ್ಲ," ಎಂದಳು. ಕಾಶವ್ವ, "ಮಾತಾಡಿಕೋತ ತಾ," ಎಂದಳು.

ಇಷ್ಟರಲ್ಲಿ ನಮ್ಮ ವಸ್ತಿಗೆ ನಳ ಬಂತು. ನಾನು ದಿನಾ ಮಲಗುವ ಮುಂಚೆ ಶಿವನ ಉಪಕಾರಗಳನ್ನು ಎಣಿಸುವವಳು. ನಳ ಬಂದ ದಿನ ಬೇರೆ ಯಾವುದನ್ನೂ ಎಣಿಸಲಿಲ್ಲ, ಅದೊಂದೇ ಸಾಕಾಯಿತು. ತಲೆಯ ಮೇಲಿನ ಕೊಡ ಇಳಿಯಿತು, ಸೊಸೆಯಂದಿರಿಗೆ ಹಳ್ಳದ ಏರು ಹತ್ತುವುದು ತಪ್ಪಿತು. ಇದನ್ನು ನಾನು ಈಗಲೂ ಸುಳ್ಳೆನ್ನುವುದಿಲ್ಲ. ಆದರೆ ನಳ ಬಂದ ಮೇಲೆ ಸುಜಾತಾಳೊಬ್ಬಳನ್ನು ಬಿಟ್ಟರೆ ಹಳ್ಳಕ್ಕೆ ಹೋಗುವವರು ಯಾರೂ ಉಳಿಯಲಿಲ್ಲ. ಬೆಳಗು ಹರಿಯುವ ಮುಂಚೆ ಅಲ್ಲಿ ಕೊಡದ ಸಪ್ಪಳವಿಲ್ಲ, ಹೆಂಗಸರ ಮಾತಿಲ್ಲ. ಉಸುಕು ಮಾತ್ರ ಅಷ್ಟುದ್ದಕ್ಕೆ ಬಿದ್ದುಕೊಂಡಿತ್ತು, ಒಳ್ಳೆಯ ದಪ್ಪ ಉಸುಕು. ಜತ್ತದ ಕಡೆ ಮನೆಗಳು ಏಳುತ್ತಿವೆ, ಎಲ್ಲ ಕಡೆಯೂ ಏಳುತ್ತಿವೆ. ಇನ್ನೊಬ್ಬರನ್ನು ಅನ್ನಲು ನನಗೆ ಬಾಯಿಲ್ಲ. ನಮ್ಮ ಮನೆಯ ಗೋಡೆಗೂ ಎಲ್ಲಿಯದೋ ಹಳ್ಳದ ಉಸುಕೇ ಹತ್ತಿದೆ.

ಇಷ್ಟೆಲ್ಲ ಆ ದಿನ ಹಿತ್ತಿಲಲ್ಲಿ ಕೂತ ಅಷ್ಟೇ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಹಾದುಹೋಯಿತು. ಒಳಗೆ ಮುದುಕಿ ಹಸಿದು ಕೂತಿದೆ. ಈಗ ಅವಳು ಹಿಂದಿನಂತೆ ಹಠ ಹಿಡಿದು ಹಾಲು ಹಣ್ಣಿನ ಮೇಲೆ ಕೂತರೆ ಅವಳ ಜೀವ ತಡೆಯುವುದಿಲ್ಲ. ಡಾಕ್ಟರು ಒಂದು ದಿನವೂ ಗುಳಿಗೆ ತಪ್ಪಬಾರದು ಎಂದಿದ್ದಾರೆ. ಶಿವನೇ, ಇವತ್ತೊಂದು ದಿನ ಹಠ ಬಿಡಲಿ, ನಳದ ನೀರು ತಗೊಳ್ಳಲಿ ಎಂದು ಬೇಡಿಕೊಂಡೆ. ಸುಜಾತಾಳನ್ನೂ ಕರೆದುಕೊಂಡು ಒಳಗೆ ಹೋದೆ.

ಕಾಶವ್ವ ಗೋಡೆಗೆ ಆತು ಕೂತಿದ್ದಳು. ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ.

"ತಂಬಿಗಿ ಇಟ್ಟ ಸಪ್ಪಳಾನ ಬರಲಿಲ್ಲ," ಎಂದಳು.

"ಅತ್ತಿ," ಎಂದೆ. ಮಾತು ಹೇಗೆ ಸುತ್ತಿ ಹೇಳಬೇಕೋ ತಿಳಿಯಲಿಲ್ಲ. "ಹಳ್ಳದಾಗಿನ ಉಸುಕ ಒಯ್ದಾರ್ರಿ. ವರ್ತಿ ಇಲ್ಲ."

ಅವಳು ಯಾರು ಒಯ್ದರು ಎಂದು ಕೇಳಲಿಲ್ಲ. ಸುಜಾತಾಳ ಕಡೆ ಮುಖ ತಿರುಗಿಸಿದಳು. ಕಣ್ಣು ಮಸುಕಾಗಿ, ಧ್ವನಿ ಬಂದ ಕಡೆಗೆ ನೋಡುವುದು ಅವಳ ಈಗಿನ ರೂಢಿ.

"ಲಕ್ಕಿ ಗಿಡಾ ಅದಾವ?"

"ದಂಡೀವು ಅದಾವರಿ. ಟ್ರ್ಯಾಕ್ಟರ್ ಇಳಿದಲ್ಲಿ ಹೋಗ್ಯಾವ."

"ಮಡ್ಡಿ ಮ್ಯಾಲಿನ ಕಲ್ಲ?"

"ಅವನ್ಯಾರ ಒಯ್ತಾರ್ರಿ ಆಯಿ. ಅದಾವ."

"ಹಂಗಾದ್ರ ಉಸುಕ ಬರತೈತಿ. ಮಳಿ ತರತೈತಿ." ಆಮೇಲೆ, "ತಡಾ ಆಗತೈತಿ," ಎಂದಳು.

ಎಷ್ಟು ತಡ ಎಂದು ನಮ್ಮ ಮೂವರಲ್ಲಿ ಯಾರೂ ಹೇಳಲಿಲ್ಲ. ಮೊದಲ ಸಲ ಆ ಉಸುಕು ಕೂಡಲು ಎಷ್ಟು ಮಳೆಗಾಲ ಬೇಕಾಗಿದ್ದವು ಎಂಬುದು ಮೂವರಿಗೂ ಗೊತ್ತಿತ್ತು. ಮಂಚದ ಮೇಲಿನ ಆ ಕಡ್ಡಿಯಂಥ ಮೈಯನ್ನು ನಾನು ನೋಡಲಿಲ್ಲ, ನೆಲ ನೋಡಿದೆ.

"ಹುಡುಗಿ, ನಳದ ನೀರ ತಾ."

ನಾನು ಅಲ್ಲೇ ನಿಂತೆ. ಬೇಡಿಕೊಂಡದ್ದು ಸಿಕ್ಕಿತ್ತು. ಆದರೂ ನಾನೇ ತಡೆದೆ. "ಅತ್ತಿ, ಇವರನ್ನ ಹೊಲದಿಂದ ಕರಸಿ ಸೊರಡಿಗೆ ಗಾಡಿ ಮ್ಯಾಲ ಕಳಸ್ತೀನ್ರಿ. ಬಾವೀ ನೀರ ತರ್ತಾರ. ಅರ್ಧಾ ತಾಸಿನ ಮಾತು."

"ಇವತ್ತ ತರ್ತಾನ. ನಾಳಿ? ಆಗ ಹಠಾ ಮಾಡಿದ್ದೆ, ಮಾಡಿದ್ದಕ್ಕ ಹಾರಿ ಹಿಡಿದು ದುಡದೆ. ಈಗ ನಾ ಕುಂತಲ್ಲೆ ಹಠಾ ಮಾಡಿದ್ರ ನೀವು ಅಡ್ಡಾಡಬೇಕು. ತಾ ನಳದ್ದ."

ತಂದೆ. ಅವಳು ಎಂದಿನಂತೆ ನೀರೆರೆದಳು, ಪತ್ರಿ ಏರಿಸಿದಳು. ಬಾಯಲ್ಲಿ ಮಂತ್ರ ಒಂದು ಕಡೆ ತಪ್ಪಿತು, ಮತ್ತೆ ಮೊದಲಿನಿಂದ ಹಿಡಿದಳು. ಅಷ್ಟು ವರ್ಷದಲ್ಲಿ ತಪ್ಪಿದ್ದನ್ನು ನಾನು ಕೇಳಿರಲಿಲ್ಲ. ತೀರ್ಥ ತಗೊಂಡು ಸ್ವಲ್ಪ ಹೊತ್ತು ಬಾಯಲ್ಲಿ ಹಿಡಿದು ನುಂಗಿದಳು.

"ಔಷಧದ ವಾಸನಿ ಬರತೈತಿ," ಎಂದಳು. ದೂರಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೇ. ಆಮೇಲೆ ತಾನಾಗಿಯೇ, "ಏನರ ತಿನ್ನಾಕ ಕೊಡು, ಗುಳಿಗಿ ತಗೋಬೇಕಲ್ಲ," ಎಂದಳು.

ಇಷ್ಟು ಸುಲಭವಾಗಿ ಅವಳು ಸೋಲುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. ಬಟ್ಟಲಿನಲ್ಲಿ ಉಪ್ಪಿಟ್ಟು ಕೊಟ್ಟೆ. ಎರಡು ತುತ್ತು ತಿಂದು ಸುಜಾತಾಳ ಕಡೆ ತಿರುಗಿದಳು.

"ನಾಳಿ ಬರ್ತಿಯಲ್ಲ?"

"ನೀರ ಇಲ್ಲಲ್ರಿ ಆಯಿ. ಏನ ತರಲಿ?"

"ಏನೂ ತರಬ್ಯಾಡ. ಹಳ್ಳದಾಗ ಇಳದ ಬಾ. ನೀ ಹೋಗೂದು ಬಿಟ್ರ ಅಲ್ಲಿ ಮನಷಾರ ಸುಳುವ ಇಲ್ಲಂತ ಕಲ್ಲೂ ಒಯ್ತಾರ. ಬಂದು ಹಳ್ಳ ಹ್ಯಾಂಗೈತಿ ಅಂತ ನನಗ ಹೇಳಿ ಹೋಗು."

ಸುಜಾತಾ ಹೂಂ ಎಂದಳು. ಅವಳು ಬಾಗಿಲ ಕಡೆ ತಿರುಗಿದಾಗ ಕಣ್ಣೊರೆಸಿಕೊಂಡದ್ದು ನನಗೆ ಕಂಡಿತು. ಕಾಶವ್ವಳಿಗೆ ಕಾಣಲಿಲ್ಲ, ಅದೂ ಒಂದು ಒಳ್ಳೆಯದೇ.

ಹಿತ್ತಿಲವರೆಗೆ ಅವಳ ಸಂಗಡ ಹೋದೆ. ಆಡುಗಳು ಬೇಲಿಯ ಆಚೆ ಕಾಯುತ್ತಿದ್ದವು.

"ಸುಜಾತಾ, ನಾಳಿ ಹೋಗೂ ಮುಂದ ನನ್ನ ಕೂಗು. ನಾನೂ ಬರ್ತೀನಿ."

ಅವಳು ನನ್ನ ಸೊಂಟವನ್ನು ನೋಡಿದಳು, ಈ ಸಲ ಹಂಗಿಸಲಿಲ್ಲ. "ಸಾವಕಾಶ ಹೋಗೂಣ್ರಿ," ಎಂದಳು.

ಆಡುಗಳು ಇಳಿಜಾರಿಗೆ ಇಳಿದವು. ಬಿಸಿಲು ಏರಿತ್ತು, ಇವರು ಹೊಲದಿಂದ ಬರುವ ಹೊತ್ತಾಗಿತ್ತು. ಒಳಗೆ ಹೋಗಿ ಜೋಳದ ಹಿಟ್ಟು ಜರಡಿ ಹಿಡಿದೆ. ಒಲೆ ಹೊತ್ತಿಸಿ ರೊಟ್ಟಿಗೆ ಎಸರಿಟ್ಟೆ.